ಕಂಪನಿಗಳು ಕೃಷಿ ಜಮೀನು ಕೊಳ್ಳೋದಕ್ಕೆ ಈಗ ಏನೂ ತಡೆ ಇಲ್ವಾ?

ಕೆರೆಏರಿ:
ನಮ್ಮ ಕಡೆ ಯಾವುದೋ ಕಂಪನಿ ಪರವಾಗಿ ಏಜೆಂಟರು ಓಡಾಡುತ್ತಿದ್ದಾರೆ. ಒಬ್ಬರ ಹತ್ತಿರ ಕ್ರಯ ಅಂತಾರೆ, ಇನ್ನೊಬ್ಬರ ಹತ್ತಿರ ಗುತ್ತಿಗೆ ಅಂತಾರೆ. ಪಕ್ಕದ ಗೋಮಾಳವನ್ನೂ ಅಳೆದುಕೊಂಡು ಹೋದರು. ಮೊದಲು ಕೃಷಿ ಜಮೀನು ಕಂಪನಿ ಹೆಸರಿಗೆ ಆಗುತ್ತಿರಲಿಲ್ಲ ಅಲ್ವಾ? ಆ ಕಾನೂನು ಏನಾಯಿತು?

ಹಳೇಪಹಣಿ:
ನೀವು ಹೇಳುತ್ತಿರೋದು ಭೂಸುಧಾರಣಾ ಕಾಯ್ದೆಯ 79ಬಿ ಕಲಂ. ಕಂಪನಿ, ಟ್ರಸ್ಟ್, ಸಂಘ ಯಾವುದೂ ಕೃಷಿ ಜಮೀನು ಇಟ್ಟುಕೊಳ್ಳುವಂತಿರಲಿಲ್ಲ. ಕೈಗಾರಿಕೆಗೆ ಬೇಕಂದ್ರೆ 109ರ ಅಡಿ ಸರ್ಕಾರದಿಂದ ವಿನಾಯಿತಿ ತರಬೇಕಿತ್ತು. 2020ರ ತಿದ್ದುಪಡಿಯಲ್ಲಿ 79ಎ, ಬಿ, ಸಿ ಮೂರನ್ನೂ ತೆಗೆದುಹಾಕಿದರು. ಅದೂ ಹೇಗೆ, 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲ ಅನ್ನೋ ಹಾಗೆ, ಅದರಿಂದ ಬಾಕಿ ಇದ್ದ ಕೇಸುಗಳೂ ಬಿದ್ದುಹೋದವು. ಕಾನೂನು ಮುರಿದು ಕೊಂಡವರು ಆರಾಮಾಗಿ ಬಚಾವಾದರು. ನನಗೆ ಎಲ್ಲಕ್ಕಿಂತ ಸಿಟ್ಟು ಬರೋದು ಇದಕ್ಕೇ.

ಮಲ್ಲಿಗೆಹಂಬು:
ಹಾಗಂತ ಎಲ್ಲಾ ಹೋಯಿತು ಅಂತ ಕೈಚೆಲ್ಲಬೇಡಿ. ಜಮೀನಿನ ಗರಿಷ್ಠ ಮಿತಿ ಇನ್ನೂ ಇದೆ. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆಯ ರಕ್ಷಣೆ ಇದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವ ಹಾಗಿಲ್ಲ. ವಾಪಸ್ ಕೇಳೋದಕ್ಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಯಿತು. ಹಾಗಾಗಿ ಮನೆಯಲ್ಲಿ ಹಳೇ ಸಾಗುವಳಿ ಚೀಟಿ, ಅಂದ್ರೆ ಸರ್ಕಾರ ಜಮೀನು ಮಂಜೂರು ಮಾಡಿದ ಪತ್ರ, ಇದ್ದರೆ ಏಜೆಂಟರ ಕೈಗೆ ಮಾತ್ರ ಕೊಡಬೇಡಿ, ಜೆರಾಕ್ಸ್ ತೋರಿಸಿ ಸಾಕು.

ಗೋಮಾಳ ಅಂದ್ರಲ್ಲ, ಭೂಕಂದಾಯ ನಿಯಮದ ಪ್ರಕಾರ ಊರಿನ ನೂರು ದನಕ್ಕೆ 12 ಹೆಕ್ಟೇರ್, ಅಂದ್ರೆ ಸುಮಾರು 30 ಎಕರೆ ಮೇವಿಗೆ ಬಿಡಬೇಕು. ನಿಮ್ಮೂರಿನ ಜಾನುವಾರು ಗಣತಿ ತೆಗೆಸಿ. ಲೆಕ್ಕಕ್ಕಿಂತ ಕಡಿಮೆ ಗೋಮಾಳ ಇದ್ದರೆ ತಹಶೀಲ್ದಾರರ ಹತ್ತಿರ ತಕರಾರು ಹಾಕೋಕೆ ಅದೇ ಗಟ್ಟಿ ಆಧಾರ.

ಕೆರೆಏರಿ:
ಗಣತಿ ವಿಷಯ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್ ಅಕ್ಕ. ಗುತ್ತಿಗೆ ಆದ್ರೆ ಪರವಾಗಿಲ್ವಾ? ಜಮೀನು ನಮ್ಮದೇ ಇರುತ್ತೆ ಅಂತಾರೆ.

ಬಯಲುಗಾಳಿ:
ಪಾವಗಡ ನೋಡಿ. ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಹೋಗಿದ್ದು ಗುತ್ತಿಗೆಯಲ್ಲೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಜಾಸ್ತಿ. ಮಳೆ ಇಲ್ಲದ ಸೀಮೆ, ಜಮೀನಿದ್ದವರಿಗೆ ಅದು ದೊಡ್ಡ ಆಸರೆಯೇ, ಇಲ್ಲ ಅನ್ನೋಲ್ಲ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡಿ, ಬದುವಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಯಾವ ಬಾಡಿಗೆ ಬರುತ್ತೆ ಹೇಳಿ? ಕಾನೂನು ಬರೀ ಮಾಲೀಕನನ್ನು ನೋಡುತ್ತೆ, ಇವರನ್ನು ನೋಡೋದೇ ಇಲ್ಲ. ಅಲ್ಲಿ ರೈತರ ಜೊತೆ ಒಪ್ಪಂದ ಮಾಡಿಕೊಂಡಿದ್ದು ಸರ್ಕಾರದ್ದೇ ನಿಗಮ. ನಿಮ್ಮಲ್ಲಿ ಯಾರು ಸಹಿ ಹಾಕುತ್ತಾರೆ, ಎಷ್ಟು ವರ್ಷಕ್ಕೆ, ಮುಗಿದ ಮೇಲೆ ಕಾಂಕ್ರೀಟ್ ಕಿತ್ತು ಹೊಲ ಮಾಡಿಕೊಡೋರು ಯಾರು ಅನ್ನೋದು ಕಾಗದದಲ್ಲಿ ಬರಲಿ, ಕನ್ನಡದಲ್ಲೇ ಬರಲಿ. ಅಲ್ಲಿವರೆಗೂ ಯಾರೂ ಮುಂಗಡ ಮುಟ್ಟಬೇಡಿ.