ಕನ್ನಡ ಬಾರದ ಆರೋಪಿ, ಗಡಿಯಾರ ನೋಡದ ಸಾಕ್ಷಿ: ವಕೀಲರಿಗೆ ಎರಡು ಪ್ರಶ್ನೆ

ಪ್ರಶ್ನೆ (ಬೋಟ್ ಮಾಲೀಕರು, ಕಾರವಾರ): ವಕೀಲರೇ, ನನ್ನ ಬೋಟಿನಲ್ಲಿ ದುಡಿಯುವ ಒಡಿಶಾದ ಹುಡುಗನೊಬ್ಬ ಬೈತಖೋಲ ಬಂದರಿನಲ್ಲಿ ನಡೆದ ಹೊಡೆದಾಟದ ಪ್ರಕರಣದಲ್ಲಿ ಜೈಲಿನಲ್ಲಿದ್ದಾನೆ. ಒಡಿಯಾ ಬಿಟ್ಟರೆ ಅರೆಬರೆ ಹಿಂದಿ ಅಷ್ಟೇ. ಠಾಣೆಯಲ್ಲಿ ಕನ್ನಡದ ಕಾಗದಗಳಿಗೆ ಸಹಿ ಹಾಕಿದ್ದಾನೆ. ಯಾರು ಏನು ಕೇಳಿದರೂ ತಲೆಯಾಡಿಸುತ್ತಾನೆ. ಮುಂದಿನ ತಾರೀಕಿಗೆ ದೋಷಾರೋಪಣೆ ಓದುತ್ತಾರಂತೆ. ನಾನೇ ಪಕ್ಕದಲ್ಲಿ ನಿಂತು ಹಿಂದಿಯಲ್ಲಿ ತಿಳಿಸಬಹುದೇ?

ಉತ್ತರ: ದಯವಿಟ್ಟು ನೀವು ನಿಲ್ಲಬೇಡಿ. ನಾಳೆ ಇದೇ ಪ್ರಕರಣದಲ್ಲಿ ನಿಮ್ಮನ್ನು ಸಾಕ್ಷಿಯಾಗಿ ಕರೆಯಬಹುದು. ಅಲ್ಲದೆ ಕೂಲಿ ಕೊಡುವ ಯಜಮಾನರ ಎದುರು ಆ ಹುಡುಗ ಮನಬಿಚ್ಚಿ ಮಾತಾಡುವುದೂ ಕಷ್ಟ.

ಅವನು ತಲೆಯಾಡಿಸುತ್ತಾನೆ ಎಂದಿರಲ್ಲ, ನನಗೆ ದಿಗಿಲಾಗಿದ್ದೇ ಅದಕ್ಕೆ. ದೋಷಾರೋಪಣೆಯನ್ನು ನ್ಯಾಯಾಲಯದ ಭಾಷೆಯಲ್ಲಿ ಬರೆದಿರುತ್ತಾರೆ. ಆದರೆ ಅದನ್ನು ಆರೋಪಿಗೆ ಓದಿ ವಿವರಿಸಲೇಬೇಕು. ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿದಾಗ ಅರ್ಥವಾಗದೆ ಹೌದು ಎಂದುಬಿಟ್ಟರೆ, ಆ ಒಪ್ಪಿಗೆಯ ಮೇಲೆಯೇ ಶಿಕ್ಷೆ ವಿಧಿಸಲು ನ್ಯಾಯಾಧೀಶರಿಗೆ ಅಧಿಕಾರವಿದೆ. ಹಾಗಾಗಿ ಆ ತಾರೀಕಿಗೆ ಮೊದಲೇ ಅವನ ವಕೀಲರು ಒಡಿಯಾ ದುಭಾಷಿಯನ್ನು ಕೋರಿ ಅರ್ಜಿ ಹಾಕಲಿ. ಬಾಯಿಮಾತಿನಲ್ಲಿ ಕೇಳಿದ್ದು ಮುಂದೆ ಮೇಲ್ಮನವಿಗೆ ಹೋದಾಗ ಕಡತದಲ್ಲಿ ಸಿಗುವುದಿಲ್ಲ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ತೆರೆದ ನ್ಯಾಯಾಲಯದಲ್ಲೇ ಅವನ ಭಾಷೆಯಲ್ಲಿ ತಿಳಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕರಣಗಳನ್ನು ಹೇಗೆ ನಡೆಸಬೇಕೆಂದು ಹೇಳುವ ಕಾನೂನು) 314ನೇ ಕಲಂ ಹೇಳುತ್ತದೆ. 2024ರ ಜುಲೈ 1ಕ್ಕೂ ಮೊದಲಿದ್ದ ಹಳೆಯ ಸಂಹಿತೆಯಲ್ಲಿ ಇದು 279ನೇ ಕಲಂ ಆಗಿತ್ತು. ಇದು ಯಾರೋ ತೋರುವ ದಯೆಯಲ್ಲ, ಅವನ ಹಕ್ಕು.

ಠಾಣೆಯ ಸಹಿಗಳ ಬಗ್ಗೆ ಈಗಲೇ ಎದೆಗುಂದಬೇಡಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಅವನ ಹೇಳಿಕೆಯಿಂದ ಯಾವುದಾದರೂ ವಸ್ತು ಸಿಕ್ಕಿದ್ದರೆ, ಅದಕ್ಕೆ ಸಂಬಂಧಿಸಿದಷ್ಟು ಮಾತನ್ನು ಮಾತ್ರ ಬಳಸಬಹುದು. ಇನ್ನೂ ವಕೀಲರಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಪ್ರಶ್ನೆ (ಅಂಕೋಲಾ): ಮೇಡಂ, ನಮ್ಮ ಪಕ್ಕದ ಮನೆಯ ಹಾಲಕ್ಕಿ ಸಮುದಾಯದ ಅಜ್ಜಿ ಒಂದು ಕಳವಿನ ಪ್ರಕರಣದಲ್ಲಿ ಸಾಕ್ಷಿ. ಅವರದು ಕನ್ನಡವೇ. ಆದರೆ ಗಂಟೆ ಕೇಳಿದರೆ "ದೀಪ ಹಚ್ಚುವ ಹೊತ್ತು" ಎನ್ನುತ್ತಾರೆ, ದೊಡ್ಡವರ ಎದುರು ತಲೆ ಎತ್ತುವುದಿಲ್ಲ. ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡರೆ?

ಉತ್ತರ: ಅಜ್ಜಿ ಹೇಳಿದ್ದನ್ನು ನ್ಯಾಯಾಲಯದಲ್ಲಿ ಹಾಗೆಯೇ ಬರೆದುಕೊಳ್ಳಲಿ. "ಸಂಜೆ ಆರು ಗಂಟೆ" ಎಂದು ಬರೆದರೆ ಎದುರು ಪಕ್ಷದ ವಕೀಲರ ಪಾಟೀಸವಾಲಿನಲ್ಲಿ ಸಿಕ್ಕಿಬೀಳುವವರು ಅವರೇ. ನಮ್ಮ ಕರಾವಳಿಯಲ್ಲಿ ಡಿಸೆಂಬರಿನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಏಳಾಗುತ್ತದೆ. ಘಟನೆ ಯಾವ ತಿಂಗಳಿನದು ಎಂದು ಕೇಳಿದರೆ ಹೊತ್ತು ತಾನಾಗಿ ಗೊತ್ತಾಗುತ್ತದೆ.

ತಲೆ ತಗ್ಗಿಸುವ ವಿಷಯ ಸಣ್ಣದಲ್ಲ. ಸಾಕ್ಷಿಯ ಹಾವಭಾವವನ್ನು ದಾಖಲಿಸಲು ನ್ಯಾಯಾಧೀಶರಿಗೆ ಅವಕಾಶವಿದೆ. ಅದು ಅಜ್ಜಿಯ ಮರ್ಯಾದೆಯ ರೀತಿ ಎಂಬುದನ್ನು ಸರ್ಕಾರಿ ಅಭಿಯೋಜಕರಿಗೆ ಮೊದಲೇ ತಿಳಿಸಿ. ಏನು ಹೇಳಬೇಕೆಂದು ಮಾತ್ರ ಯಾರೂ ಅವರಿಗೆ ಪಾಠ ಮಾಡಬೇಡಿ. ಸಾಕ್ಷ್ಯ ಮುಗಿದ ಮೇಲೆ ಬರೆದುಕೊಂಡಿದ್ದನ್ನು ಅವರಿಗೆ ಓದಿ ಹೇಳಬೇಕು. ತಾವು ಹೇಳದ ಮಾತು ಅದರಲ್ಲಿದ್ದರೆ ಸಹಿ ಅಥವಾ ಹೆಬ್ಬೆಟ್ಟು ಒತ್ತುವ ಮೊದಲೇ ಹೇಳಲಿ. ನ್ಯಾಯಾಧೀಶರು ತಿದ್ದುತ್ತಾರೆ, ತಿದ್ದದಿದ್ದರೂ ಆಕ್ಷೇಪವನ್ನು ಬರೆದಿಡುತ್ತಾರೆ.