ಸೈಕಲ್ಲಿಗೆ ಕೂರಿಸಿದ ಟೂ-ಸ್ಟ್ರೋಕ್ ಎಂಜಿನ್: ಮುಂದಿನ ಸ್ಟಡ್ ಪದೇ ಪದೇ ತುಂಡಾಗುತ್ತಿದೆ

ಪ್ರಶ್ನೆ

ಶಿರಸಿ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ಮನೆಯಿಂದ ಹೊಳೆಯಂಚಿನ ಪಂಪ್‌ಸೆಟ್ಟಿನವರೆಗೆ ಓಡಾಡಲೆಂದು, ತಂದೆಯವರು ಬಳಸುತ್ತಿದ್ದ 28 ಇಂಚಿನ ಚಕ್ರದ ಹಳೆಯ ಸೈಕಲ್ಲಿಗೆ, 80 ಸಿ.ಸಿ. ಎಂದು ಮಾರಾಟವಾಗುವ ಚೀನಾ ತಯಾರಿಕೆಯ ಎಂಜಿನ್ ಕಿಟ್ ಒಂದನ್ನು ಕೂರಿಸಿದ್ದೇನೆ. ಎಂಜಿನ್ ನಾಲ್ಕು ತುಳಿತಕ್ಕೆ ಚಾಲೂ ಆಗುತ್ತದೆ, ಏರಿನಲ್ಲೂ ಬಲ ಸಾಲದೆನ್ನುವಂತಿಲ್ಲ. ತೊಂದರೆ ಇರುವುದು ಅದನ್ನು ಫ್ರೇಮಿಗೆ ಹಿಡಿದಿಡುವಲ್ಲಿ. ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಪೈಪಿಗೆ ಎಂಜಿನ್ನಿನ ಮುಂಭಾಗವನ್ನು ಬಿಗಿಯುವ ಎರಡು 6 ಮಿ.ಮೀ. ತಲೆಯಿಲ್ಲದ ಬೋಲ್ಟುಗಳ, ಅಂದರೆ ಸ್ಟಡ್‌ಗಳ ಪೈಕಿ ಎಡಗಡೆಯದು ಈವರೆಗೆ ಮೂರು ಸಲ ತುಂಡಾಗಿದೆ. ಮೂರನೆಯದಂತೂ ಪೇಟೆಯಿಂದ ಹುಡುಕಿ ತಂದ ಹೈ ಟೆನ್ಸೈಲ್ ಸ್ಟಡ್. ಈ ಫ್ರೇಮು ದೊಡ್ಡದಾದ್ದರಿಂದ ಎಂಜಿನ್ನಿಗೂ ಮುಂದಿನ ಪೈಪಿಗೂ ನಡುವೆ ಹೆಬ್ಬೆರಳು ಹಿಡಿಸುವಷ್ಟು ಜಾಗ ಉಳಿದಿತ್ತು. ಅಲ್ಲಿ ಹಳೆಯ ಟ್ಯೂಬಿನ ರಬ್ಬರನ್ನು ಹಲವು ಸುತ್ತು ಸುತ್ತಿ ಬಿಗಿದಿದ್ದೇನೆ. ಇದಲ್ಲದೆ ಎಂಜಿನ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಗಾಲಿಯು ಎಷ್ಟು ಬಿಗಿದರೂ ಮೆಲ್ಲಗೆ ಹಿಂಚಕ್ರದ ಕಡ್ಡಿಗಳ ಕಡೆಗೆ ವಾಲುತ್ತದೆ. ಸ್ಟಡ್‌ಗಳನ್ನು 8 ಮಿ.ಮೀ.ಗೆ ಹೆಚ್ಚಿಸಿದರೆ ಸರಿಹೋದೀತೇ?

ಉತ್ತರ 1

ಸ್ಕೂಟರು, ಮೋಟಾರ್ ಸೈಕಲ್ಲುಗಳಲ್ಲಿ ಎಂಜಿನ್ನಿಗೆ ರಬ್ಬರ್ ಬುಷ್ ಕೊಟ್ಟಿರುತ್ತಾರೆ. ನಡುಕವನ್ನು ರಬ್ಬರ್ ನುಂಗಿಕೊಳ್ಳಬೇಕು, ಆದ್ದರಿಂದ ಇನ್ನೂ ದಪ್ಪನೆಯ ರಬ್ಬರ್ ಹಾಕಿ ನೋಡಬಹುದು ಎಂದು ನನ್ನ ಅಭಿಪ್ರಾಯ.

ಉತ್ತರ 2

ಮೇಲಿನ ಸಲಹೆಯನ್ನು ದಯವಿಟ್ಟು ಅನುಸರಿಸಬೇಡಿ; ಇದೇ ತಪ್ಪನ್ನು ಮಾಡಿ ನಾನೂ ಎರಡು ಸ್ಟಡ್ ಕಳೆದುಕೊಂಡಿದ್ದೇನೆ. ಮೋಟಾರ್ ಸೈಕಲ್ಲಿನ ಬುಷ್‌ನಲ್ಲಿ ರಬ್ಬರಿನ ಒಳಗೆ ಉಕ್ಕಿನ ಕೊಳವೆ ಇರುತ್ತದೆ. ಬೋಲ್ಟು ಆ ಕೊಳವೆಯನ್ನು ಲೋಹಕ್ಕೆ ಲೋಹವಾಗಿ ಬಿಗಿಯುತ್ತದೆಯೇ ಹೊರತು ರಬ್ಬರನ್ನಲ್ಲ. ನೀವು ಬಿಗಿದಿರುವುದು ರಬ್ಬರನ್ನೇ. ಅದು ಎಂಜಿನ್ನಿನ ಬಿಸಿಗೆ ಮೆದುವಾಗಿ ಹಿಸುಕಿಕೊಂಡಂತೆಲ್ಲ ಸ್ಟಡ್‌ನ ಬಿಗಿತ ಇಳಿಯುತ್ತದೆ, ಬಿಗಿತ ಇಳಿದ ಸ್ಟಡ್ ಪ್ರತಿ ನಡುಕಕ್ಕೂ ಅತ್ತಿತ್ತ ಬಾಗುತ್ತದೆ.

ಎಷ್ಟು ನಡುಕ ಎಂಬುದನ್ನು ಲೆಕ್ಕ ಹಾಕೋಣ. ಈ ಎಂಜಿನ್ನಿನ ಒಳಗಿನ ಗೇರ್ ಅನುಪಾತ 4.1, ಹೊರಗೆ 10 ಹಲ್ಲಿನ ಸ್ಪ್ರಾಕೆಟ್‌ನಿಂದ 44 ಹಲ್ಲಿನದಕ್ಕೆ ಚೈನು, ಒಟ್ಟು ಸುಮಾರು 18. ನಿಮ್ಮ ಚಕ್ರದ ಸುತ್ತಳತೆ ಹೆಚ್ಚುಕಡಿಮೆ 2.2 ಮೀಟರ್ ಎಂದಿಟ್ಟುಕೊಂಡರೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 4,100 ಸುತ್ತು ತಿರುಗುತ್ತದೆ, ಅಂದರೆ ಗಂಟೆಗೆ ಸುಮಾರು 2 ಲಕ್ಷದ 46 ಸಾವಿರ. ಒಂಟಿ ಸಿಲಿಂಡರಿನ ಪಿಸ್ಟನ್ ಪ್ರತಿ ಸುತ್ತಿಗೂ ಒಂದು ಹೊಡೆತ ಕೊಟ್ಟೇ ಕೊಡುತ್ತದೆ. ಸರಿಯಾಗಿ ಬಿಗಿದ ಸ್ಟಡ್ ಅಷ್ಟನ್ನೂ ಸಹಿಸುತ್ತದೆ, ಏಕೆಂದರೆ ಬಿಗಿತದ ಬಲವು ನಡುಕದ ಬಲಕ್ಕಿಂತ ಹೆಚ್ಚಿರುವವರೆಗೆ ಏರಿಳಿತದ ಹೆಚ್ಚಿನ ಪಾಲನ್ನು ಜೋಡಣೆಯೇ ಹೊರುತ್ತದೆ. ಸಡಿಲವಾದದ್ದು 8 ಮಿ.ಮೀ. ಇದ್ದರೂ ತುಸು ತಡವಾಗಿ ತುಂಡಾದೀತು, ಅಷ್ಟೇ.

ಎರಡು ಸಂಗತಿಗಳನ್ನು ನೋಡಿ ತಿಳಿಸಿ. ತುಂಡಾದ ಸ್ಟಡ್‌ನ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ ಹೇಗೆ ಕಾಣುತ್ತದೆ? ಮತ್ತು ಹಿಂಚಕ್ರದಲ್ಲಿ ಕಡ್ಡಿಗಳು ಎಷ್ಟಿವೆ?

ಪ್ರಶ್ನೆ ಕೇಳಿದವರು

ಸ್ಟಡ್‌ನ ಮುಖದ ಮುಕ್ಕಾಲು ಭಾಗ ನುಣುಪಾಗಿದೆ. ಒಂದು ಅಂಚಿನಿಂದ ಹೊರಟು, ಮರದ ಕೊರಡಿನ ಬಳೆಗಳಂತೆ ತೆಳ್ಳನೆಯ ಗೆರೆಗಳು ಹರಡಿವೆ. ಉಳಿದ ಮೂಲೆ ಮಾತ್ರ ಮುರಿದ ಬೆಲ್ಲದಂತೆ ತರಿತರಿಯಾಗಿದೆ. ಕಡ್ಡಿಗಳನ್ನು ಎಣಿಸಿದೆ, 40 ಇವೆ. ಇದಕ್ಕೂ ಸ್ಟಡ್‌ಗೂ ಏನು ಸಂಬಂಧವೆಂದು ತಿಳಿಯಲಿಲ್ಲ.

ಉತ್ತರ 2

ಆ ಗೆರೆಗಳು ಆಯಾಸದ ಬಿರುಕಿನ ಗುರುತು: ಸ್ಟಡ್ ಒಂದೇಟಿಗೆ ಮುರಿದದ್ದಲ್ಲ, ದಿನವೂ ಸ್ವಲ್ಪ ಸ್ವಲ್ಪ ಸೀಳುತ್ತ ಬಂದು ಉಳಿದ ಚೂರು ಕೊನೆಗೆ ಕಿತ್ತುಕೊಂಡಿದೆ.

ಕಡ್ಡಿಯ ವಿಷಯವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕಿಟ್ಟಿನ ದೊಡ್ಡ ಸ್ಪ್ರಾಕೆಟ್‌ನಲ್ಲಿ 9 ಬೋಲ್ಟುಗಳಿದ್ದು, ಕಡ್ಡಿಗಳನ್ನು ಎರಡು ರಬ್ಬರ್ ಬಿಲ್ಲೆಗಳ ನಡುವೆ ಅಪ್ಪಿ ಹಿಡಿಯುವ ಆ ಏರ್ಪಾಡು 36 ಕಡ್ಡಿಯ ಚಕ್ರಕ್ಕೆಂದೇ ಮಾಡಿದ್ದು. ಒಂದು ಬದಿಗೆ 18 ಕಡ್ಡಿ, ಎರಡೆರಡಕ್ಕೆ ಒಂದು ಬೋಲ್ಟು. ನಮ್ಮ ಹಳೆಯ ರೋಡ್‌ಸ್ಟರ್ ಸೈಕಲ್ಲುಗಳಿಗೆ ಬ್ರಿಟಿಷ್ ಪದ್ಧತಿಯಂತೆ ಮುಂದೆ 32, ಹಿಂದೆ 40 ಕಡ್ಡಿ. ಒಂದು ಬದಿಗೆ 20 ಕಡ್ಡಿಗಳಿರುವಲ್ಲಿ 9 ಬೋಲ್ಟು ಸಮವಾಗಿ ಕೂರುವುದಿಲ್ಲ, ಎಲ್ಲೋ ಒಂದೆಡೆ ಬೋಲ್ಟು ಕಡ್ಡಿಯನ್ನು ಒತ್ತಿ ಸ್ಪ್ರಾಕೆಟ್ಟನ್ನು ನಡುಬಿಂದುವಿನಿಂದ ಸರಿಸುತ್ತದೆ. ಆಗ ಚಕ್ರದ ಪ್ರತಿ ಸುತ್ತಿಗೂ ಚೈನು ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗುತ್ತದೆ, ಟೆನ್ಷನರ್ ಜಗ್ಗಿಸಿಕೊಂಡು ತಿರುಗುತ್ತದೆ, ಎಡಗಡೆಯ ಚೈನು ಎಂಜಿನ್ನನ್ನು ಅದೇ ತಾಳಕ್ಕೆ ಹಿಂದಕ್ಕೆಳೆದು ತಿರುಚುತ್ತದೆ. ಎಡ ಸ್ಟಡ್ಡೇ ಏಕೆ ಹೋಗುತ್ತಿದೆ ಎಂಬುದಕ್ಕೆ ನನಗೆ ತೋಚುವ ಕಾರಣ ಇದು. ಟೆನ್ಷನರ್ ಕಡ್ಡಿಗೆ ಸಿಕ್ಕಿದರೆ ಹಿಂಚಕ್ರ ಓಡುವಾಗಲೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಇದು ಸರಿಯಾಗುವವರೆಗೆ ಗಾಡಿ ಓಡಿಸಬೇಡಿ.

ರಬ್ಬರ್ ಬಿಲ್ಲೆಗಳನ್ನು ಕೈಬಿಟ್ಟು, ಹಬ್‌ನ ಹೊರವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು, ಅದನ್ನು ಎರಡು ಹೋಳಾಗಿ ಅಪ್ಪುವ ಅಡಾಪ್ಟರ್ ಒಂದನ್ನು ಲೇತ್‌ನಲ್ಲಿ ಮಾಡಿಸಿ ಸ್ಪ್ರಾಕೆಟ್ಟನ್ನು ಅದಕ್ಕೆ ಬೋಲ್ಟ್ ಮಾಡಿ. ಚಕ್ರ ತಿರುಗಿಸಿದಾಗ ಹಲ್ಲುಗಳ ಓಲಾಟ 1 ಮಿ.ಮೀ. ಮೀರಬಾರದು. ಆಮೇಲೆ ಎಂಜಿನ್ನಿನ ಹಿಂದಿನ ಹಿಡಿಕೆಯನ್ನಷ್ಟೇ ಅರೆಬಿಗಿ ಮಾಡಿ, ಸೀಟಿನ ಪೈಪಿನ ಸುತ್ತ ಎಂಜಿನ್ನನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತ, ಎರಡು ಸ್ಪ್ರಾಕೆಟ್‌ಗಳ ಬದಿಗೆ ದಾರ ಎಳೆದು ಹಿಡಿದು ಚೈನಿನ ಸಾಲನ್ನು ಹೊಂದಿಸಿ. ಸಾಲು ಸಿಕ್ಕಿದ ಮೇಲೆ ಎಂಜಿನ್ ಎಲ್ಲಿ ನಿಂತಿದೆಯೋ ಅಲ್ಲಿಗೆ ಮುಂದಿನ ಹಿಡಿಕೆಯನ್ನು ಹೊಸದಾಗಿ ಮಾಡಿಸಬೇಕು. ನಾವೆಲ್ಲ ಹಿಡಿಕೆಗೆ ತಕ್ಕಂತೆ ಎಂಜಿನ್ನನ್ನು ಎಳೆದು ಕೂರಿಸುತ್ತೇವೆ, ತಪ್ಪು ಶುರುವಾಗುವುದೇ ಅಲ್ಲಿ.

ಮುಂದಿನ ಹಿಡಿಕೆಗೆ ಅಲ್ಯೂಮಿನಿಯಂ ಗಟ್ಟಿ ಸಾಕು. ನಿಮ್ಮ ಪೈಪು 28.6 ಮಿ.ಮೀ. ಆಸುಪಾಸು ಇರಬೇಕು, ಬಣ್ಣ ಕೆರೆದು ಅಳೆಯಿರಿ. ಗಟ್ಟಿಯ ಎರಡು ಹೋಳುಗಳ ನಡುವೆ 1 ಮಿ.ಮೀ. ತಗಡು ಇಟ್ಟು ಒಟ್ಟಿಗೆ ತೂತು ಹೊಡೆಸಿ ಅನಂತರ ತಗಡು ತೆಗೆದರೆ, ಬಿಗಿಯುವಾಗ ಹೋಳುಗಳು ಒಂದಕ್ಕೊಂದು ಮುಟ್ಟದೆ ಪೈಪನ್ನೇ ಅಪ್ಪುತ್ತವೆ. ಪೈಪಿಗೆ ತೂತು ಕೊರೆದು ಬೋಲ್ಟು ದಾಟಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ, ಆ ತೂತಿನಿಂದಲೇ ಫ್ರೇಮು ಸೀಳುತ್ತದೆ.

ಕ್ರ್ಯಾಂಕ್‌ಕೇಸಿನಲ್ಲಿ ಉಳಿದ ತುಂಡನ್ನು ತೆಗೆಯಲು ನಡುವೆ ಪಂಚ್ ಹಾಕಿ, ಒಂದು ರಾತ್ರಿ ತುಕ್ಕುಬಿಡಿಸುವ ಎಣ್ಣೆ ಬಿಟ್ಟು, 3 ಮಿ.ಮೀ. ತೂತು ಕೊರೆದು ಎಕ್ಸ್‌ಟ್ರ್ಯಾಕ್ಟರ್‌ನಿಂದ ತಿರುಗಿಸಿ. ತೂತಿನೊಳಗಿನ ಮರೆ (ಥ್ರೆಡ್) ಹಾಳಾಗಿದ್ದರೆ ಆಗ ಮಾತ್ರ 6.8 ಮಿ.ಮೀ. ಡ್ರಿಲ್ ಹೊಡೆದು 8 ಮಿ.ಮೀ. ಟ್ಯಾಪ್ ಹಾಕಬಹುದು. ಸ್ಟಡ್ 8.8 ಗ್ರೇಡಿನದಿರಲಿ, ಮರೆ ಸಡಿಲಗೊಳ್ಳದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಹಚ್ಚಿ.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. 80 ಎಂದು ಮಾರುವ ಈ ಎಂಜಿನ್ನಿನ ಬೋರ್ 47, ಸ್ಟ್ರೋಕ್ 38 ಮಿ.ಮೀ., ಅಂದರೆ ನಿಜವಾಗಿ 66 ಸಿ.ಸಿ. ಅಷ್ಟೇ. ಆದರೂ 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮು ಎಂಜಿನ್ನಿನ ಗಾತ್ರ ನೋಡಿ ಮೋಟಾರು ವಾಹನವಲ್ಲವೆಂದು ಹೊರಗಿಡುವುದು 25 ಸಿ.ಸಿ. ಮೀರದ ಎಂಜಿನ್ನಿನ, ನಾಲ್ಕಕ್ಕಿಂತ ಕಡಿಮೆ ಚಕ್ರದ ಗಾಡಿಗಳನ್ನು ಮಾತ್ರ. ಆದ್ದರಿಂದ ನೋಂದಣಿಯಿಲ್ಲದೆ ಇದನ್ನು ಡಾಂಬರು ರಸ್ತೆಗೆ ತರುವಂತಿಲ್ಲ, ತೋಟದ ಬೇಲಿಯೊಳಗೇ ಇರಲಿ. ಮಳೆಗಾಲದಲ್ಲಿ ಸ್ಟೀಲ್ ರಿಮ್ಮಿಗೆ ಒದ್ದೆಯಾದ ರಾಡ್ ಬ್ರೇಕು ಹಿಡಿಯುವುದಿಲ್ಲವೆಂಬುದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ತಿಳಿಸಲು ತಡವಾಯಿತು. ಲೇತ್‌ನವರಿಗೆ ಅಡಾಪ್ಟರ್ ಏನೆಂದು ಅರ್ಥ ಮಾಡಿಸುವುದಕ್ಕೇ ಎರಡು ದಿನ ಹಿಡಿಯಿತು. ಕೊನೆಗೆ ಚಕ್ರವನ್ನೇ ಹೊತ್ತು ಹೋಗಿ ಅವರ ಮುಂದಿಟ್ಟೆ. ಸ್ಪ್ರಾಕೆಟ್ ಈಗ ನೇರವಾಗಿ ತಿರುಗುತ್ತದೆ. ಚೈನಿಗೆ ಒಂದು ಹಾಫ್ ಲಿಂಕ್ ಸೇರಿಸಿ ಚಕ್ರವನ್ನು ಹಿಂದಕ್ಕೆ ಸರಿಸಿದ್ದರಿಂದ ಟೆನ್ಷನರ್ ಬೇಕೇ ಆಗಲಿಲ್ಲ, ಪೆಡಲ್ ಚೈನಿಗೂ ಆ ಜಾಗ ಒಗ್ಗಿದ್ದು ನನ್ನ ಪುಣ್ಯ. ರಬ್ಬರ್ ತೆಗೆದ ಮೇಲೆ ಕೈಗೆ ಬರುವ ನಡುಕ ಹೆಚ್ಚೀತೆಂದು ಹೆದರಿದ್ದೆ. ಸಣ್ಣ ಜುಮುಜುಮು ಹೆಚ್ಚಾಗಿದೆ ನಿಜ, ಆದರೆ ಹಿಂದಿನ ಆ ದಡದಡ ಹೊಡೆತ ಹೋಗಿದೆ. ಐದು ವಾರದಿಂದ ದಿನವೂ ಓಡಿಸುತ್ತಿದ್ದೇನೆ, ಪ್ರತಿ ಭಾನುವಾರ ಸ್ಪ್ಯಾನರ್ ಹಾಕಿ ನೋಡುತ್ತೇನೆ, ಮುಂದಿನ ನಟ್ಟುಗಳು ಕಾಲು ಸುತ್ತೂ ತಿರುಗಿಲ್ಲ. ಹಳೆಯ ರಬ್ಬರ್ ಸುತ್ತು ಬಿಚ್ಚಿದಾಗ ಒಳಗಿನ ಪದರ ಡಾಂಬರಿನಂತೆ ಪೈಪಿಗೆ ಅಂಟಿಕೊಂಡಿತ್ತು, ಕೆರೆಯಲು ಸೀಮೆಎಣ್ಣೆ ಬೇಕಾಯಿತು.