ಹಳೇ ಮಾರುತಿ 800 ಹೀಟ್ ಆಗೋದು ನಿಲ್ತಾನೇ ಇಲ್ಲ, ನಂದಿ ಬೆಟ್ಟ ಹತ್ತಕ್ಕೇ ಆಗ್ತಿಲ್ಲ

ಶಿಡ್ಲಘಟ್ಟದ ಗೂಡು:
ಎಲ್ರಿಗೂ ನಮಸ್ಕಾರ. ನಮ್ಮಪ್ಪ 1998ರಲ್ಲಿ ತಗೊಂಡ ಮಾರುತಿ 800, ಕಾರ್ಬ್ಯುರೇಟರ್ ಗಾಡಿ, ಆಗ ನಮ್ಮದಿನ್ನೂ ಕೋಲಾರ ಜಿಲ್ಲೆ ಅಲ್ವಾ, ಅದಕ್ಕೆ ನಂಬರ್ ಕೆಎ 07. ಅಪ್ಪ ಈಗಿಲ್ಲ, ಗಾಡಿ ಮಾರೋ ಮನಸ್ಸು ನಂಗೂ ಇಲ್ಲ ಅಮ್ಮಂಗೂ ಇಲ್ಲ. ಒಂದು ವರ್ಷದಿಂದ ಹೀಟ್ ಆಗ್ತಿದೆ. ಊರೊಳಗೆ ಓಡಾಡಿದ್ರೆ ಏನೂ ಇಲ್ಲ, ಹೀಟ್ ಮೀಟರಿನ ಮುಳ್ಳು ಕೆಳಗೇ ಇರತ್ತೆ, ರೇಷ್ಮೆ ಗೂಡಿನ ಮಾರ್ಕೆಟ್ ಮುಂದೆ ಹತ್ತು ನಿಮಿಷ ಆಫ್ ಮಾಡ್ದೆ ನಿಲ್ಸಿದ್ರೂ ಏನೂ ಆಗಲ್ಲ. ದೇವನಹಳ್ಳಿ ಕಡೆ ಹೈವೇಲಿ 80ರಲ್ಲಿ ಹೊರಟ್ರೆ ಅರ್ಧ ಗಂಟೇಲಿ ಮುಳ್ಳು ಏರತ್ತೆ. ಹೋದ ಸೋಮವಾರ ಅಮ್ಮನ್ನ ಯೋಗನಂದೀಶ್ವರನ ದರ್ಶನಕ್ಕೆ ಅಂತ ಕರ್ಕೊಂಡು ಹೊರಟಿದ್ದೆ, ಬೆಟ್ಟದ ಅರ್ಧ ದಾರೀಲಿ ಬಾನೆಟ್ ಸಂದಿಯಿಂದ ಹಬೆ ಬಂತು, ಪಕ್ಕಕ್ಕೆ ಹಾಕಿ ನಲವತ್ತು ನಿಮಿಷ ಕೂತ್ವಿ, ಕೊನೆಗೆ ಅಮ್ಮ ಅಲ್ಲಿಂದಲೇ ಕೈ ಮುಗಿದು ವಾಪಸ್ ಹೋಗೋಣ ಬಾ ಅಂದ್ಬಿಟ್ರು. ತುಂಬಾ ಬೇಜಾರಾಯ್ತು.

ಇಲ್ಲೀವರೆಗೆ ಫ್ಯಾನ್ ಮೋಟರ್, ಬೆಲ್ಟ್, ಮೇಲಿನ ಕೆಳಗಿನ ಹೋಸ್ ಪೈಪು ಎಲ್ಲಾ ಹೊಸದು ಹಾಕಿದೆ. ನಮ್ಮ ಮೆಕ್ಯಾನಿಕ್ ಥರ್ಮೋಸ್ಟಾಟ್ (ಇಂಜಿನ್ ಕಾಯೋ ತನಕ ನೀರನ್ನ ರೇಡಿಯೇಟರಿಗೆ ಬಿಡದ ವಾಲ್ವು) ತೆಗೆದು ಬಿಸಾಕಿ ನಮ್ಮ ಕಡೆ ಬಿಸಿಲಿಗೆ ಇದು ಬೇಡ ಅಂದ್ರು, ಈಗ ಹೆಡ್, ಅಂದ್ರೆ ಇಂಜಿನ್ನಿನ ಮೇಲ್ಭಾಗ, ಇಳಿಸ್ಬೇಕು ಅಂತಿದ್ದಾರೆ. ವಾರಕ್ಕೆ ಅರ್ಧ ಲೀಟರ್ ನೀರು ಕಮ್ಮಿ ಆಗತ್ತೆ, ಮನೆ ನಲ್ಲಿ ನೀರೇ ಹಾಕ್ತೀನಿ. ನಿಜವಾಗ್ಲೂ ಹೆಡ್ ಇಳಿಸ್ಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ.

ಹಳೇಗಾಡಿ:
ಹೆಡ್ ಇಳಿಸ್ಬೇಡಿ ಸರ್, ಸ್ವಲ್ಪ ತಾಳಿ. ಯಾವಾಗ ಹೀಟ್ ಆಗತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ನಿಂತಾಗ, ಟ್ರಾಫಿಕ್ಕಲ್ಲಿ ಹೀಟ್ ಆಗಿ ಓಡುವಾಗ ತಣ್ಣಗಾದ್ರೆ ಫ್ಯಾನು, ಅದರ ಸ್ವಿಚ್ಚು, ರಿಲೇ ನೋಡ್ಬೇಕು, ಯಾಕಂದ್ರೆ ಓಡುವಾಗ ಗಾಳಿ ತಾನಾಗೇ ಹೊಡೆಯತ್ತೆ. ನಿಮ್ಮದು ತಿರುಗಾಮುರುಗಾ. ನಿಂತಾಗ ಚೆನ್ನಾಗಿದೆ, ಇಂಜಿನ್ ಮೇಲೆ ಭಾರ ಬಿದ್ದಾಗ ಹೀಟು. ಅಂದ್ರೆ ಫ್ಯಾನಿಗೆ ಖರ್ಚು ಮಾಡಿದ್ದು ಬೇಕಾಗಿರ್ಲಿಲ್ಲ, ನೀರು ಸಾಕಷ್ಟು ಹರೀತಿಲ್ಲ ಇಲ್ಲಾ ರೇಡಿಯೇಟರ್ ಶಾಖ ಬಿಡ್ತಿಲ್ಲ.

ಹೆಡ್ ಗ್ಯಾಸ್ಕೆಟ್, ಅಂದ್ರೆ ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ಮಧ್ಯೆ ಇರೋ ಸೀಲು, ಹೋಗಿದ್ಯಾ ಅಂತ ಮನೇಲೇ ನೋಡ್ಬಹುದು. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದು, ನೀರು ತುಂಬಿಸಿ ಸ್ಟಾರ್ಟ್ ಮಾಡಿ. ಒಂದೆರಡು ಗುಳ್ಳೆ ಬಂದು ನಿಂತ್ರೆ ಪರವಾಗಿಲ್ಲ, ಬಿಡದೆ ಗುಳುಗುಳು ಅಂತ ಬರ್ತಾನೇ ಇದ್ರೆ, ನೀರು ಚಿಮ್ಮಿದ್ರೆ ಗ್ಯಾಸ್ಕೆಟ್ ಮೇಲೆ ಅನುಮಾನ. ಆಯಿಲ್ ಮುಚ್ಚಳ ತೆಗೆದು ನೋಡಿ, ಹಾಲು ಬೆರೆಸಿದ ಕಾಫಿ ಬಣ್ಣ ಇದ್ಯಾ? ಬಿಸಿ ಆದ್ಮೇಲೂ ಸೈಲೆನ್ಸರ್ ಬಿಳಿ ಹೊಗೆ ಬಿಡತ್ತಾ? ಇನ್ನೊಂದು ಮಾತು, ಬಿಸಿ ಇದ್ದಾಗ ಯಾವ ಕಾರಣಕ್ಕೂ ಕ್ಯಾಪ್ ತೆಗೀಬೇಡಿ, ಬಟ್ಟೆ ಸುತ್ಕೊಂಡೂ ಬೇಡ. ನನ್ನ ಪರಿಚಯದವರೊಬ್ಬರು ಮುಖ ಸುಟ್ಕೊಂಡಿದ್ದಾರೆ.

ಚಿಂತಾಮಣಿ ಟ್ಯಾಕ್ಸಿ:
ತಮ್ಮಾ ನೀನು ಹಾಕ್ತಿರೋ ನೀರೇ ಕಣಪ್ಪಾ ರೋಗ. ನಮ್ಮ ಕಡೆ ಬೋರು ಸಾವಿರ ಅಡಿ ದಾಟಿ ಹೋಗೈತೆ, ಆ ಗಡಸು ನೀರು ಕಾಯಿಸಿದ್ರೆ ಪಾತ್ರೆ ತಳದಾಗೆ ಬೆಳ್ಳಗೆ ಕಟ್ಕಂತದಲ್ಲ, ಅದೇ ರೇಡಿಯೇಟರ್ ಒಳಗೂ ಕಟ್ಕಂತದೆ. ಕೊಳವೆ ಒಂದೊಂದೇ ಮುಚ್ಕಂಡು ಹೋಯ್ತದೆ, ಸುಮ್ಕೆ ಓಡಾಡಕ್ಕೆ ಉಳಿದ ಕೊಳವೆ ಸಾಕು, ಏರು ಬಂದ್ರೆ ಸಾಲಲ್ಲ. ಇಪ್ಪತ್ತಾರು ವರ್ಷ ಗಾಡಿ ಓಡ್ಸಿದೀನಿ, ಇದನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ಹೈವೇಲಿ ಓಡ್ಸಿ ಬಂದು ಮುಳ್ಳು ಏರಿದಾಗ ಆಫ್ ಮಾಡು, ಬ್ಯಾಟರಿ ವೈರ್ ಒಂದು ತೆಗೆ, ಫ್ಯಾನು ತಟಕ್ ಅಂತ ತಿರುಗಿಬಿಟ್ರೆ ಬೆರಳು ಹೋಯ್ತದೆ. ಒಂಚೂರು ಆರಿದ ಮೇಲೆ ರೇಡಿಯೇಟರ್ ಜಾಲರಿ ಮೇಲೆ ಕೈ ಹತ್ರ ಹತ್ರ ಹಿಡ್ಕಂಡು ಎಲ್ಲಾ ಕಡೆ ನೋಡು. ಒಂದು ಕಡೆ ಕಾವು ಒಂದು ಕಡೆ ತಣ್ಣಗಿದ್ರೆ ಆ ತಣ್ಣಗಿರೋ ಕಡೆ ಕಟ್ಕಂಡೈತೆ ಅಂತ ಅರ್ಥ. ಮತ್ತೆ ಥರ್ಮೋಸ್ಟಾಟ್ ಹಾಕಿಸ್ಕೋ. ಅದಿಲ್ದೆ ಓಡ್ಸಿದ್ರೆ ಊರೊಳಗೆ ಇಂಜಿನ್ ಕಾಯದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡೀತದೆ, ನೋಡು, ಮುಳ್ಳು ಕೆಳಗೇ ಇರತ್ತೆ ಅಂದ್ಯಲ್ಲ, ಅದೇ.

ಗೌರಿಬಿದನೂರು ಮಂಜ:
ಅಣ್ಣ ಹೇಳಿದ್ದು ನೂರಕ್ಕೆ ನೂರು. ಕ್ಯಾಪ್ ಕೂಡ ಬದಲಾಯಿಸಿ, ಅದನ್ನ ಯಾರೂ ನೋಡೋದೇ ಇಲ್ಲ. ಅದು ಬರೀ ಮುಚ್ಚಳ ಅಲ್ಲ, ಒಳಗೆ ಪ್ರೆಶರ್ ಹಿಡಿಯೋದೇ ಅದರ ಕೆಲಸ. ಪ್ರೆಶರ್ ಇದ್ರೆ ನೀರು 110 ದಾಟಿದ್ರೂ ಕುದಿಯಲ್ಲ. ಸ್ಪ್ರಿಂಗ್ ಸತ್ತು ರಬ್ಬರ್ ಒಡೆದಿದ್ರೆ ಮಾಮೂಲಿ ಪಾತ್ರೆಯಲ್ಲಿ ಕುದಿಯೋ ಹಾಗೇ ಕುದಿಯತ್ತೆ. ಅದ್ರಲ್ಲೂ ನಂದಿ ಬೆಟ್ಟದ ತುದಿ 1478 ಮೀಟರ್, ಅಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯೋದು. ಏರಿನಲ್ಲಿ ಇಂಜಿನ್ ಕಾಯ್ತಾ ಹೋಗತ್ತೆ, ಮೇಲೆ ಹೋದಂಗೆ ನೀರು ಬೇಗ ಕುದಿಯತ್ತೆ, ಎರಡೂ ಕಡೆಯಿಂದ ಹೊಡೆತ. ವಾರಕ್ಕೆ ಅರ್ಧ ಲೀಟರ್ ಹೋಗ್ತಿರೋದು ಕ್ಯಾಪ್ ಕಡೆಯಿಂದಲೇ ಇರಬಹುದು.

ಶಿಡ್ಲಘಟ್ಟದ ಗೂಡು:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಎರಡು ವಾರ ಆದ್ಮೇಲೆ ಬರೀತಿದ್ದೀನಿ. ಗುಳ್ಳೆ ಇಲ್ಲ, ಆಯಿಲ್ ಸರಿ ಇದೆ, ಬಿಳಿ ಹೊಗೆ ಇಲ್ಲ. ಟ್ಯಾಕ್ಸಿ ಅಣ್ಣ ಹೇಳಿದ ಹಾಗೆ ಕೈ ಹಿಡಿದು ನೋಡಿದ್ರೆ ರೇಡಿಯೇಟರಿನ ಬಲಗಡೆ ಕೆಳಗೆ ಒಂದು ಅಂಗೈ ಅಗಲ ತಣ್ಣಗೇ ಇತ್ತು! ಚಿಕ್ಕಬಳ್ಳಾಪುರದಲ್ಲಿ ರೇಡಿಯೇಟರ್ ರಿಪೇರಿ ಮಾಡೋರ ಹತ್ರ ತಗೊಂಡು ಹೋದೆ, ತಾಮ್ರದ್ದು ಆದ್ರಿಂದ ಬೆಸುಗೆ ಬಿಡಿಸಿ ಮೇಲಿನ ಟ್ಯಾಂಕ್ ತೆಗೆದ್ರು. ಒಳಗೆ ನೋಡಿ ಗಾಬರಿ ಆಯ್ತು, ಗೋಡೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಉಗುರಲ್ಲಿ ಕೆರೆದ್ರೆ ಸಿಪ್ಪೆ ಸಿಪ್ಪೆಯಾಗಿ ಬರ್ತಿತ್ತು, ಎಷ್ಟೋ ಕೊಳವೆ ಬಾಯೇ ಕಾಣ್ತಿರ್ಲಿಲ್ಲ. ತೆಳು ಪಟ್ಟಿ ತೂರಿಸಿ ಒಂದೊಂದೇ ಬಿಡಿಸಿದ್ರು. ಇಂಜಿನ್ ಬ್ಲಾಕಿಗೂ ನೀರು ಬಿಟ್ವಿ, ಮೊದಲು ಇಟ್ಟಿಗೆ ಬಣ್ಣದ ನೀರು, ತಿಳಿ ಬರೋ ತನಕ ಬಿಟ್ವಿ.

ಹೊಸ ಥರ್ಮೋಸ್ಟಾಟ್ ಹಾಕೋ ಮುಂಚೆ ಮನೇಲಿ ಪರೀಕ್ಷೆ ಮಾಡಿದೆ. ನಮ್ಮ ಪಕ್ಕದ, ರೇಷ್ಮೆ ನೂಲು ತೆಗೆಯೋ ರೀಲಿಂಗ್ ಯೂನಿಟ್ಟಿಂದ ಥರ್ಮಾಮೀಟರ್ ಇಸ್ಕೊಂಡು, ಹಾಲು ಕಾಯಿಸೋ ಪಾತ್ರೇಲಿ ನೀರಿಟ್ಟು, ಥರ್ಮೋಸ್ಟಾಟ್ ಬಾಯಿಗೆ ದಾರ ಸಿಕ್ಕಿಸಿ ತಳ ತಾಗದ ಹಾಗೆ ನೇತುಹಾಕಿದೆ. ಅದರ ಮೇಲೆ 82 ಅಂತ ಬರೆದಿತ್ತು, ಅಷ್ಟಕ್ಕೇ ಬಾಯಿ ಬಿಟ್ಟು ದಾರದಿಂದ ಪಾತ್ರೆಗೆ ಬಿತ್ತು. ಅಮ್ಮನೂ ಪಕ್ಕದಲ್ಲೇ ನಿಂತು ನೋಡಿದ್ರು. ರೀಲಿಂಗ್ ಯೂನಿಟ್ಟಿನವರಿಗೆ ವಿಷಯ ಹೇಳಿದ್ರೆ, ನೂಲು ತೆಗೆಯೋದಕ್ಕೇ ನಾವು ಗಡಸು ನೀರಿಗೆ ಹೆದರ್ತೀವಿ, ನೀನು ಇಂಜಿನ್ನಿಗೆ ಹಾಕಿದ್ಯಾ ಅಂತ ಬೈದ್ರು. ಈಗ ಹೊಸ ಕ್ಯಾಪು, ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಗಾಡಿ ಮುಂಭಾಗ ಎತ್ತರ ಇರೋ ಕಡೆ ನಿಲ್ಸಿ ಗಾಳಿ ಹೋಗೋ ತನಕ ನಿಧಾನಕ್ಕೆ ತುಂಬಿಸಿದೆ.

ನಿನ್ನೆ ಬೆಟ್ಟ ಹತ್ತಿದ್ವಿ. ಕಡಿದಾದ ತಿರುವಲ್ಲಿ ಮೊದಲನೇ ಗೇರು, ನನ್ನ ಕಣ್ಣು ರಸ್ತೆಗಿಂತ ಮುಳ್ಳಿನ ಮೇಲೇ ಇತ್ತು, ಅದು ಅರ್ಧದಲ್ಲಿ ನಿಂತಿದ್ದು ಅಲ್ಲಾಡ್ಲೇ ಇಲ್ಲ. ಅಮ್ಮಂಗೆ ದರ್ಶನ ಆಯ್ತು. ಆದ್ರೆ ಒಂದು ಸಂಶಯ, ಹತ್ತು ದಿನಕ್ಕೆ ಇನ್ನೂ ಒಂದು ಲೋಟ ಕಮ್ಮಿ ಆಗ್ತಿದೆ.

ಚಿಂತಾಮಣಿ ಟ್ಯಾಕ್ಸಿ:
ಭಾರಿ ಖುಷಿ ಆಯ್ತು ಕಣಪ್ಪಾ. ಮೊದ್ಲು ಒಂದೆರಡು ಸಲ ಒಳಗಿದ್ದ ಗಾಳಿ ಹೋಗಿ ಮಟ್ಟ ಇಳೀತದೆ, ಅದಕ್ಕೆ ಹೆದರ್ಬೇಡ. ಆಮೇಲೂ ಇಳಿದ್ರೆ ವಾಟರ್ ಪಂಪ್ ನೋಡು. ಪಂಪಿನ ಕೆಳಗಡೆ ಸಣ್ಣ ತೂತು ಇರ್ತದೆ, ಒಳಗಿನ ಸೀಲ್ ಸವೆದ್ರೆ ಅಲ್ಲಿಂದ ಸೋರ್ತದೆ. ಓಡುವಾಗ ಕಾವಿಗೆ ಆರಿಹೋಗೋದ್ರಿಂದ ಕಾಣಲ್ಲ. ರಾತ್ರಿ ಕೆಳಗೆ ರಟ್ಟು ಹಾಕಿ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ನೋಡು. ಕೂಲೆಂಟ್ ಹಸಿರು ಅಂದ್ರೆ ಕಲೆನೂ ಹಸಿರು.

ಶಿಡ್ಲಘಟ್ಟದ ಗೂಡು:
ಸರಿ ಅಣ್ಣ, ಇವತ್ತು ರಾತ್ರೀನೇ ರಟ್ಟು ಹಾಕ್ತೀನಿ.